ಸೋಫಾದಿಂದ ಮಿಕ್ಸರಿನವರೆಗೆ

ಒಂದು ನಿಮಿಷ ವೇದಿಕೆಯ ದೀಪ ಆರಿಸದೆ ಬಿಟ್ಟದ್ದಕ್ಕೆ ನಾನು ತೆತ್ತದ್ದು ಒಂದು ಕಲ್ಯಾಣ ಮಂಟಪ. ಮಂಟಪ ನನ್ನದಲ್ಲ, ಅದರ ಮೈಕ್ ಸೆಟ್ಟಿನ ಕೆಲಸ ನನ್ನದಾಗಿತ್ತು. ವರ್ಷದ ಅಷ್ಟೂ ಲಗ್ನಕ್ಕೆ, ನಿಶ್ಚಯಕ್ಕೆ, ನಾಮಕರಣಕ್ಕೆ ನನ್ನ ಬಾಕ್ಸುಗಳೇ ಹೋಗಬೇಕು ಎನ್ನುವ ಖಾಯಂ ಮಾತು. ದಾವಣಗೆರೆಯಲ್ಲಿ ಬಾಡಿಗೆ ಮೈಕಿನವನಿಗೆ ಅಂಥದ್ದೊಂದು ಮಂಟಪ ಸಿಕ್ಕಿತೆಂದರೆ ಲಗ್ನ ಇಲ್ಲದ ತಿಂಗಳಲ್ಲೂ ನಿಶ್ಚಿಂತೆಯಿಂದ ಉಣ್ಣಬಹುದು. ಅದನ್ನು ಕೈಬಿಟ್ಟದ್ದು ಯಾಕೆಂದರೆ, ಒಬ್ಬ ಹಾಡುಗಾರ ತನ್ನ ಎರಡು ತೋರುಬೆರಳುಗಳನ್ನು ಎತ್ತಿ ಜನರಿಗೆ ತೋರಿಸಬೇಕಾಗಿತ್ತು, ಮತ್ತು ಬೆರಳು ಕಾಣಬೇಕಾದರೆ ಬೆಳಕು ಬೇಕಾಗಿತ್ತು. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರು ಕಡಿಮೆ ಎಂದು ಮಾರ್ಕೆಟ್ಟಿನಲ್ಲಿ ಹೆಸರಿದ್ದವನು ಇಂಥ ವ್ಯಾಪಾರ ಹೇಗೆ ಮಾಡಿದ ಎಂದು ಇವತ್ತಿಗೂ ಕೇಳುವವರಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿಕೊಂಡ ಒಂದು ಹಾರ್ನ್ ಮತ್ತು ಒಂದು ಬ್ಯಾಟರಿಯಿಂದ. ಮೊದಲ ಗಿರಾಕಿಗಳು ಮಿಲ್ಲಿನ ಕಾಲೋನಿಯವರು; ಅವರ ಗಣಪತಿಗೆ ಮೂರು ದಿನ ಮೈಕು ಹಾಕಿ, ಕೊನೆಯ ದಿನ ಬಾಡಿಗೆಯ ಜೊತೆಗೆ ಒಂದು ಟವೆಲ್ಲನ್ನೂ ಹೊದಿಸಿಕೊಂಡು ಬಂದಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದ ಆ ವರ್ಷಗಳ ಹೊತ್ತಿಗೆ ಕೆ.ಬಿ. ಬಡಾವಣೆಯ ಮನೆಯ ಹಿಂದೆ ಒಂದು ಗೋದಾಮು, ಆರು ದೊಡ್ಡ ಬಾಕ್ಸು, ಹಳೆಯದೇ ಆದರೂ ಒಳ್ಳೆಯ ಒಂದು ಮಿಕ್ಸರ್ ಆಗಿದ್ದವು. ಮಿಕ್ಸರ್ ಎಂದರೆ ಸಾಲು ಸಾಲು ಗುಂಡಿಗಳಿರುವ ಒಂದು ಹಲಗೆ. ಯಾರ ದನಿ ಜನಕ್ಕೆ ಎಷ್ಟು ಕೇಳಬೇಕು, ಎಷ್ಟು ಕೇಳಬಾರದು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅದರ ಪಕ್ಕದಲ್ಲೇ ದೀಪಗಳ ಸ್ವಿಚ್ಚುಗಳೂ ಇರುತ್ತವೆ. ಅಲ್ಲಿ ಕೂತವನು ಮಾತಾಡದಿದ್ದರೂ ಸಭೆಗೆ ಅವನೇ ಯಜಮಾನ. ಇದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ವಿದ್ಯಾನಗರದ ಹಾಸ್ಟೆಲುಗಳಲ್ಲಿ ಆಗ ರಾಕ್ ಸಂಗೀತದ ಗಾಳಿ. ಕೇಬಲ್ ಟಿವಿಯಲ್ಲಿ ನೋಡಿ, ಕ್ಯಾಸೆಟ್ ಹಂಚಿಕೊಂಡು, ನಾಲ್ವರು ಹುಡುಗರು ಗಿಟಾರು, ಡ್ರಮ್ಮು ಎಂದು ಸೇರಿದ್ದರು. ಹಾಡುವವನು ಮಾತ್ರ ವಿದ್ಯಾರ್ಥಿಯಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ ಇಪ್ಪತ್ತೈದರ ಯುವಕ. ಅಪ್ಪ ಹತ್ತಿ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ಅಭ್ಯಾಸಕ್ಕೆ ಜಾಗ ಕೇಳಿಕೊಂಡು ನನ್ನಲ್ಲಿಗೆ ಬಂದಾಗ ನಾನು, "ಬಾಡಿಗೆ ಬ್ಯಾಡ. ಕಾರ್ಯಕ್ರಮ ಇದ್ದ ದಿನ ಬಾಕ್ಸ್ ಹೊರ್ರಿ, ಸಾಕು," ಎಂದೆ. ಕೂಲಿಯವರ ಖರ್ಚು ಉಳಿಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಹಾಡು ಕೇಳಿಸಿಕೊಂಡ ಮೇಲೆ ಆ ಖುಷಿ ಚಿಲ್ಲರೆ ಅನ್ನಿಸಿತು. ಅವನ ದನಿಯಲ್ಲಿ ಸ್ವಲ್ಪ ದೊರಗು ಇತ್ತು. ಆದರೆ ಮೇಲಕ್ಕೆ ಹೋದರೆ ಗೋದಾಮಿನ ತಗಡು ನಡುಗುತ್ತಿತ್ತು.

ಡ್ರಮ್ಮಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಅವನು ಕೈಯಲ್ಲೇ ಮಾತಾಡುತ್ತಿದ್ದ. ಎರಡು ತೋರುಬೆರಳ ತುದಿಗಳನ್ನು ಜೋಡಿಸಿ ಚಟಕ್ಕನೆ ಬೇರೆ ಮಾಡಿದನೆಂದರೆ ಯಾರೋ ತಾಳ ತಪ್ಪಿದ್ದಾರೆ ಎಂದು ಅರ್ಥ. ತಪ್ಪಿದವನು ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದು ತೋರಿಸಬೇಕು, 'ಸರಿಮಾಡಿಕೊಂಡೆ' ಎಂದು.

"ಇದೆಲ್ಲಿ ಕಲ್ತೆಪ್ಪಾ?" ಎಂದು ಕೇಳಿದೆ.

"ಮನ್ಯಾಗ ಅಣ್ಣ. ಮಗ್ಗದ ಶೆಡ್ಡಿನಾಗ ಪಕ್ಕದಾಗ ನಿಂತವ ಕೂಗಿದ್ರೂ ಕೇಳಂಗಿಲ್ಲ. ಹಂಗಾಗಿ ಅಲ್ಲಿ ಕೈ, ತುಟಿ, ಇಷ್ಟೇ ಭಾಷೆ. ನಮ್ಮಪ್ಪ ಮನಿಗೆ ಬಂದಮ್ಯಾಲೂ ಅದರಾಗೇ ನೀರು ಕೇಳ್ತಿದ್ದ." ಬೆರಳು ಬೇರೆ ಮಾಡಿ ತೋರಿಸಿದ. "ಇದು ದಾರ ಕಡಿದೈತೆ ಅಂತ. ಇದನ್ನ ಯಾರು ಎತ್ತಿದ್ರೂ ಸಮೀಪ ಇದ್ದವ ಗಂಟು ಹಾಕಾಕ ಬಂದೆ ಅಂತ ತಿರುಗಿ ತೋರಿಸಬೇಕು. ತೋರಿಸದೇ ಇದ್ರೆ ಮರ್ಯಾದಿ ಇಲ್ಲ."

ಆ ಮಿಲ್ಲು ಅಷ್ಟರಲ್ಲಾಗಲೇ ನಿಂತು ತಿಂಗಳುಗಳಾಗಿದ್ದವು. ಮುಚ್ಚಿದ್ದೇವೆ ಎಂದು ಯಾರೂ ಹೇಳಲಿಲ್ಲ, ತೆರೆಯುತ್ತೇವೆ ಎಂದೂ ಹೇಳಲಿಲ್ಲ. ಒಂದು ಬೆಳಿಗ್ಗೆ ಸೈರನ್ ಕೂಗಲಿಲ್ಲ, ಗೇಟಿಗೆ ಬೀಗ ಬಿದ್ದಿತ್ತು, ಅಷ್ಟೇ.

ಬ್ಯಾಂಡಿನ ಮೊದಲ ದೊಡ್ಡ ಕಾರ್ಯಕ್ರಮ ವಿದ್ಯಾನಗರದ ಒಂದು ಕಾಲೇಜು ಮೈದಾನದಲ್ಲಿ, ಟಿಕೆಟ್ಟಿಟ್ಟು. ಖರ್ಚಿಗೆ ನಿಂತವರು ಮಂಟಪದ ಸಾಹುಕಾರರು. ಅವರಿಗೆ ಬಟ್ಟೆ ಅಂಗಡಿಯೂ ಇತ್ತು; ಓದುವ ಮಕ್ಕಳಿಗೆ ಪ್ಯಾಂಟಿನ ಬಟ್ಟೆ ಮಾರಲು ಒಳ್ಳೆಯ ಬ್ಯಾನರು ಎಂದು ನಾನೇ ಒಪ್ಪಿಸಿದ್ದೆ. ಅವರ ಬಗ್ಗೆ ನಾನು ಹಗುರಾಗಿ ಮಾತಾಡುವುದಿಲ್ಲ. ನನ್ನ ಹತ್ತಿರ ಎರಡೇ ಬಾಕ್ಸಿದ್ದಾಗ ನಂಬಿ ಮಂಟಪ ಕೊಟ್ಟವರು. ಎಲ್ಲಿ ಹೋದರೂ ಮಂಟಪದ ಕೆಂಪು ಸೋಫಾ ಅವರ ಮುಂದೆ ಹೋಗುತ್ತಿತ್ತು; ಬೇರೆ ಕುರ್ಚಿಯಲ್ಲಿ ಕೂತರೆ ಅವರ ಸೊಂಟ ಹಿಡಿಯುತ್ತಿತ್ತು. ಆ ಸಂಜೆಯೂ ಸೋಫಾ ವೇದಿಕೆಯ ಎಡಕ್ಕೆ, ಅದರಲ್ಲಿ ಕೂತವರ ಕೈಗೆ ಸಿಗುವಷ್ಟು ಹತ್ತಿರ ನನ್ನ ಮಿಕ್ಸರ್. ಆಗೆಲ್ಲ ನಾವು ಮಿಕ್ಸರನ್ನು ವೇದಿಕೆಯ ಪಕ್ಕದಲ್ಲೇ ಇಡುತ್ತಿದ್ದೆವು, ವೈರು ಉಳಿಯಲಿ ಎಂದು.

ನಾಲ್ಕು ಹಾಡಾಯಿತು. ಮುಂದಿನ ಸಾಲಿನಲ್ಲಿ ಅಭಿಮಾನಿಗಳು ತಲೆ ಕಿತ್ತು ಹೋಗುವ ಹಾಗೆ ಕುಣಿಯುತ್ತಿದ್ದರು. ಅವರ ಮುಂದಾಳು ಎಸ್.ಎಸ್. ಬಡಾವಣೆಯ ಒಬ್ಬ ತರುಣಿ, ಬಿ.ಎಸ್ಸಿ. ಕೊನೆಯ ವರ್ಷ. ಕಪ್ಪು ಟೀ ಶರ್ಟಿನ ಮೇಲೆ ಬ್ಯಾಂಡಿನ ಹೆಸರನ್ನು ತಾನೇ ಬಣ್ಣದಲ್ಲಿ ಬರೆದು ಗೆಳತಿಯರಿಗೆ ಮಾರಿದ್ದಳು. ವ್ಯಾಪಾರದಲ್ಲಿ ನನಗೆ ತಂಗಿಯಾಗಬೇಕಾದವಳು. ಐದನೆಯ ಹಾಡು ಹಿಡಿಯುವ ಬದಲು ಹಾಡುಗಾರ ಮೈಕನ್ನು ಕೈಗೆ ತೆಗೆದುಕೊಂಡ. ಮಿಲ್ಲಿನ ಗೇಟಿನ ಬಗ್ಗೆ, ಒಳಗೆ ಅರ್ಧ ನೇಯ್ದು ಉಳಿದಿರುವ ಬಟ್ಟೆಯ ಬಗ್ಗೆ, ದಿನಾ ಟಿಫಿನ್ ಡಬ್ಬಿ ಹಿಡಿದು ಹೋಗಿ ಬೀಗ ನೋಡಿ ಬರುವ ತನ್ನ ಅಪ್ಪನ ಬಗ್ಗೆ ಮಾತಾಡಲು ಶುರುಮಾಡಿದ.

ಎರಡು ನಿಮಿಷ ಎಲ್ಲರೂ ಕೇಳಿದರು. ಆಮೇಲೆ ಒಬ್ಬ, "ಹಾಡು!" ಎಂದ. ಇನ್ನೊಬ್ಬ, "ಮಾತಾಡ್ಲಿ ಬಿಡಲೇ, ನಿನ್ನ ಗಂಟೇನು ಹೋಗತೈತೆ?" ಎಂದ. "ನನ್ನ ಟಿಕೆಟ್ ದುಡ್ಡು ಹೋಗತೈತೆ!" ಹಿಂದಿನಿಂದ ಸಿಳ್ಳೆ. ಕೆಲವರು ಚಪ್ಪಾಳೆ ತಟ್ಟಿದರು; ಅದು ಮೆಚ್ಚುಗೆಗೋ, ಸಾಕು ನಿಲ್ಲಿಸು ಎಂದೋ ಅವರಿಗೇ ಗೊತ್ತಿದ್ದಂತಿರಲಿಲ್ಲ. ಒಂದೇ ಸ್ಕೂಟರಿನಲ್ಲಿ ಬಂದಿದ್ದ ಇಬ್ಬರು ಹಾಸ್ಟೆಲ್ ಗೆಳೆಯರು ಅಲ್ಲೇ ಮಾತಿಗೆ ಮಾತು ಬೆಳೆಸಿ, ಒಬ್ಬ ಸ್ಕೂಟರಿನಲ್ಲಿ, ಇನ್ನೊಬ್ಬ ನಡೆದುಕೊಂಡು ವಾಪಸ್ ಹೋದರಂತೆ.

ಹತ್ತು ನಿಮಿಷವಾದರೂ ಮಾತು ಮುಗಿಯಲಿಲ್ಲ. ಸಾಹುಕಾರರು ಸೋಫಾದಿಂದ ನನ್ನ ಕಡೆ ವಾಲಿದರು.

"ಲೇ ತಮ್ಮಾ, ಇದು ಹಾಡಾ?"

"ಅಲ್ಲ ಸಾಹುಕಾರ್ರೆ."

"ಹಾಡಲ್ಲದ್ದಕ್ಕೆ ನಿನ್ನ ಮೈಕ್ ಯಾಕ?"

ಅವರು ಕೂಗಲಿಲ್ಲ, ಬೈಯಲಿಲ್ಲ. ನಾನೂ ಎದ್ದು ನಿಲ್ಲಲಿಲ್ಲ. ಒಂದು ಗುಂಡಿಯನ್ನು ಬೆರಳಗಲ ಕೆಳಗೆ ಜಾರಿಸಿದೆ. ಅಷ್ಟೇ ಕೆಲಸ. ಅವನ ದನಿ ಹೋಯಿತು.

ಅವನು ನಿಲ್ಲಿಸಲಿಲ್ಲ. ಮೈಕು ಸತ್ತದ್ದು ಗೊತ್ತಾದರೂ ಅದನ್ನೇ ಹಿಡಿದು, ಜನರ ಗಲಾಟೆಯ ನಡುವೆ, ತುಟಿ ಆಡಿಸುತ್ತ ಹೋದ. ಮುಂದಿನ ಸಾಲಿನವರಿಗೂ ಒಂದು ಅಕ್ಷರ ಕೇಳಲಿಲ್ಲ. ನಾನು ಮುಖ ತಪ್ಪಿಸಿ ಜನರ ಕಡೆ ನೋಡಿದೆ. ಮೈದಾನದ ಕೊನೆಗೆ ಮೋಟು ಗೋಡೆಯ ಆಚೆ, ಟಿಕೆಟ್ಟಿಲ್ಲದೆ ನಿಂತಿದ್ದ ಎಂಟು ಹತ್ತು ಜನ ನಡುವಯಸ್ಸಿನ ಗಂಡಸರು ಮಾತ್ರ ಅವನನ್ನೇ ನೋಡುತ್ತ, ನಡುನಡುವೆ ತಲೆ ಆಡಿಸುತ್ತಿದ್ದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಮಗ್ಗದವರು. ಇಪ್ಪತ್ತು ವರ್ಷ ಗದ್ದಲದಲ್ಲಿ ನಿಂತು ತುಟಿ ಓದಿದವರು. ಅವರಿಗೆ ನನ್ನ ಗುಂಡಿ ಲೆಕ್ಕಕ್ಕೇ ಇಲ್ಲ. ಮಾತೆಲ್ಲ ಮುಗಿದ ಮೇಲೆ ಹಾಡುಗಾರ ಎದೆಯ ಹತ್ತಿರ ಎರಡು ಬೆರಳು ಜೋಡಿಸಿ ಬೇರೆ ಮಾಡಿದ. ಗೋಡೆಯ ಆಚೆ ಒಬ್ಬನೇ ಒಬ್ಬ ಕೈ ಎತ್ತಿ, ಹೆಬ್ಬೆರಳು ತೋರುಬೆರಳು ಹೊಸೆದ. ಮುಂದೆ ನಿಂತವರ ತಲೆಗಳ ಮರೆಯಲ್ಲಿ ಉಳಿದವರಿಗೆ ಸನ್ನೆ ಕಂಡಂತಿರಲಿಲ್ಲ. ಅವನು ಮುಂದಿನ ಹಾಡಿಗೆ ಗಿಟಾರಿನವರತ್ತ ತಿರುಗಿದಾಗ ನಾನು ಗುಂಡಿಯನ್ನು ಮತ್ತೆ ಮೇಲಕ್ಕೇರಿಸಿದೆ.

ಕಾರ್ಯಕ್ರಮ ಮುಗಿದ ಮೇಲೆ ಮೊದಲು ಬಂದವಳು ಟೀ ಶರ್ಟಿನ ತರುಣಿ.

"ಅಂಕಲ್, ಅರ್ಧ ದುಡ್ಡು ವಾಪಸ್ ಕೊಡ್ರಿ. ಇಪ್ಪತ್ತು ಮಂದಿನ ಕರ್ಕೊಂಡು ಬಂದೀನಿ. ಭಾಷಣ ಕೇಳಾಕಾಗಿದ್ರೆ ಕಾಲೇಜಿನಾಗ ಪುಕ್ಕಟೆ ಸಿಗತೈತೆ."

"ಹಾಡಿದ್ದು ಅರ್ಧಕ್ಕಿಂತ ಜಾಸ್ತಿನೇ ಆತಲ್ಲವ್ವ."

"ನಾನು ಎಣಿಸೀನಿ. ಹತ್ತು ಹೇಳಿದ್ರಿ, ಏಳು ಹಾಡ್ಯಾರ. ಅದ್ರಾಗೂ ಒಂದು ಎರಡು ಸಲ. ಅವನ ಹಾಡು ಅಂದ್ರೆ ನನಗೆ ಜೀವ ಅಂಕಲ್. ಅದಕ್ಕೇ ಸಿಟ್ಟು ಬಂದದ್ದು. ನಮ್ಮ ಚಿಂತಿ ಮರೀಲಿ ಅಂತ ಬಂದ್ರೆ ಅವನ ಚಿಂತಿ ನಮ್ಮ ತಲಿಗೆ ಕಟ್ಟಿದ."

ದುಡ್ಡು ವಾಪಸ್ ಕೊಡುವುದು ನನ್ನ ಜಾತಕದಲ್ಲಿಲ್ಲ. ಮುಂದಿನ ತಿಂಗಳು ಹರಿಹರದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಅವಳ ಗುಂಪಿಗೆ ಮುಂದಿನ ಸಾಲು ಪುಕ್ಕಟೆ ಎಂದು ಒಪ್ಪಿಸಿ ಕಳಿಸಿದೆ. ಬಸ್ ಚಾರ್ಜೂ ಕೇಳಿದಳು. ಅದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಮರುದಿನ ಹಾಡುಗಾರ ಗೋದಾಮಿಗೆ ಬಂದ. ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವನು ಒಂದೇ ಪ್ರಶ್ನೆ ಕೇಳಿದ: "ನಿನ್ನೆ ಮೈಕ್ ಹೋದದ್ದು ಫ್ಯೂಸಾ, ನೀವಾ?"

ಫ್ಯೂಸು ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. "ನಾನು," ಎಂದೆ.

"ಚಲೋ ಆತು. ಫ್ಯೂಸ್ ಜೊತಿ ಚೌಕಾಸಿ ಮಾಡಾಕ ಬರಂಗಿಲ್ಲ. ಹೇಳ್ರಿ, ಹರಿಹರದಾಗ ಎಷ್ಟು ನಿಮಿಷ ಕೊಡ್ತೀರಿ?"

ಅವನನ್ನು ಆವತ್ತಿನಿಂದ ಮೆಚ್ಚಿದೆ ಎಂದು ಹೇಳಬೇಕು. ಬೈದಿದ್ದರೆ ಮೆಚ್ಚುತ್ತಿರಲಿಲ್ಲ. ಆದರೆ ಕೊಡುವುದು ನನ್ನ ಕೈಯಲ್ಲೆಲ್ಲಿತ್ತು? ಹರಿಹರದಲ್ಲಿ ಸಾಹುಕಾರರು ಅಂಗಡಿಯ ಹೊಸ ಶಾಖೆ ತೆರೆಯುವವರಿದ್ದರು; ಅದರ ಪ್ರಚಾರಕ್ಕೆ ಈ ಕಾರ್ಯಕ್ರಮ, ಅಲ್ಲಿ ಬೀಗ ಬಿದ್ದ ಗೇಟಿನ ಮಾತು ಅವರಿಗೆ ಬೇಡ. ಅವರ ಮಾತು ಖಡಾಖಂಡಿತ: ಮೈಕಿನಲ್ಲಿ ಮಿಲ್ಲಿನ ಬಗ್ಗೆ ಒಂದಕ್ಷರ ಬಂದರೆ ಬ್ಯಾಂಡಿಗೂ ಅದೇ ಕೊನೆ, ಮಂಟಪದಲ್ಲಿ ನನಗೂ ಅದೇ ಕೊನೆ. ಇವನ ಮಾತೂ ಅಷ್ಟೇ ಖಡಾಖಂಡಿತ: ಅಪ್ಪನ ವಿಷಯ ಬಿಟ್ಟು ಹಾಡುವುದಾದರೆ ಹರಿಹರಕ್ಕೇ ಬರುವುದಿಲ್ಲ. ನಡುವೆ ನಾನು, ಎರಡೂ ಕಡೆಯಿಂದ ಕಮಿಷನ್ನು ತಿನ್ನುವ ಅಭ್ಯಾಸದವನು.

"ಹದಿನೈದು ನಿಮಿಷದ್ದು ಐದಕ್ಕೆ ಇಳಿಸು," ಎಂದೆ.

"ಹತ್ತು."

"ಐದಾದ್ರೂ ಹತ್ತಾದ್ರೂ ಅವರು ಒಪ್ಪಂಗಿಲ್ಲ. ಮಾತೇ ಬ್ಯಾಡ. ಕೈ ಐತಲ್ಲ ನಿಂದು? ದಾರ ಕಡಿದದ್ದು ತೋರ್ಸು, ಸುಮ್ಮನ ನಿಲ್ಲು, ಮುಂದಿನ ಹಾಡು ಹಿಡಿ."

ನಾನು ಹೇಳಿದ್ದು ಅಗ್ಗದ ದಾರಿ ಎಂದು. ಹದಿನೈದು ನಿಮಿಷದ ಸರಕನ್ನು ಒಂದು ನಿಮಿಷಕ್ಕೆ ಇಳಿಸಿದೆನಲ್ಲ ಎಂಬ ಹೆಮ್ಮೆ ಬೇರೆ. ಅವನು ತಂತಿ ಸುತ್ತಿ ಗಡುಸಾದ ತನ್ನ ಬೆರಳುಗಳನ್ನು ಒಮ್ಮೆ ಜೋಡಿಸಿ ಬಿಡಿಸಿ ನೋಡಿಕೊಂಡ.

"ಎರಡು ನಿಮಿಷ," ಎಂದ.

"ಒಂದು. ಎರಡು ನಿಮಿಷ ಸಪ್ಪಳ ಇಲ್ದಿದ್ರೆ ಮಂದಿ ಜನರೇಟರ್ ಕೆಟ್ಟೈತೆ ಅಂತ ಎದ್ದು ಹೋಗ್ತಾರ."

"ಆತು, ಒಂದು. ಆದ್ರೆ ಕೈಗೆ ಮೈಕ್ ಬ್ಯಾಡ ಅಣ್ಣ, ಲೈಟ್ ಬೇಕು. ನಿನ್ನೆ ಮೈಕ್ ತಗದ್ರಿ. ಅವತ್ತು ಲೈಟ್ ತಗದ್ರೆ?"

ಅದು ನನಗೆ ಹೊಳೆದಿರಲಿಲ್ಲ. ತೆಗೆಯುವುದಿಲ್ಲ ಎಂದೆ. ಒಂದು ಷರತ್ತು ಅವನದೂ ಇತ್ತು: ತನ್ನ ಅಪ್ಪನನ್ನು ನಾನೇ ಹರಿಹರಕ್ಕೆ ಕರೆತರಬೇಕು. ಮಗ ಕರೆದರೆ ಅವರು ಬರುತ್ತಿರಲಿಲ್ಲ.

ಮುದುಕರೇನಲ್ಲ, ಐವತ್ತೈದು ಇದ್ದೀತು. ಕಿವಿ ಮಂದ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ನಾನು ಬಂದ ಕೆಲಸ ಕೇಳಿ ಮುಖ ಗಂಟಿಕ್ಕಿದರು. "ನನ್ನ ಕಷ್ಟ ನನಗಿರಲಿ. ಅದಕ್ಕ ಚಪ್ಪಾಳಿ ಯಾಕ ಬೇಕು? ಹಾಡಾಕ ಹೋದವ ಹಾಡಬೇಕು. ಮಗ್ಗ ಹೊಡಿಯೋನು ಹಾಡ್ತಾ ನಿಂತಿದ್ರೆ ಬಟ್ಟಿ ಆಗ್ತಿತ್ತೇನು?"

"ಮಾತಾಡಂಗಿಲ್ರಿ ಯಜಮಾನ್ರೆ. ಬರೀ ಸನ್ನಿ."

"ಯಾವ ಸನ್ನಿ?"

ಮಗ ಬಾಗಿಲಲ್ಲಿ ನಿಂತಿದ್ದ. ಎದೆಯ ಹತ್ತಿರ ಬೆರಳು ಜೋಡಿಸಿ ಬಿಡಿಸಿದ. ಅಪ್ಪನಿಗೆ ನಗು ಬಂತು, ಸಿಟ್ಟೂ ಬಂತು. "ಇದನ್ನ ದಾವಣಗೆರಿ ಮಂದಿಗೆಲ್ಲ ತೋರ್ಸಿ ಬಂದ್ಯಾ? ಎದಿಮಟ್ಟಕ್ಕ ಹಿಡದ್ರೆ ಮಗ್ಗ ಅಡ್ಡ ಬರತೈತೆ, ಯಾವನಿಗೆ ಕಾಣತೈತೆ? ತಲಿ ಮ್ಯಾಲೆ ಎತ್ತು. ಮೊಣಕೈ ಮಡಚಬ್ಯಾಡ. ಉತ್ರ ಬರೋತನಕ ಇಳಸಬ್ಯಾಡ." ಎದ್ದು ನಿಂತು ತಾವೇ ತೋರಿಸಿದರು. ಒಂದೇ ಒಂದು ಚಲನೆ, ಆದರೆ ಬೀದಿಯ ಆ ತುದಿಗೂ ಕಾಣುವಂತೆ. ಮಗ ಮೂರು ಸಲ ಮಾಡಿದ ಮೇಲೆ, "ನಡೀತೈತೆ," ಎಂದರು. ನನ್ನ ಕಡೆ ತಿರುಗಿ, "ಟೆಂಪೋದಾಗ ಜಾಗ ಇದ್ರೆ ಬರ್ತೀನಿ. ಬಸ್ಸಿನ ದುಡ್ಡು ಖರ್ಚು ಮಾಡಿ ಬರಂಗಿಲ್ಲ," ಎಂದರು. ಇವರ ಮನೆತನಕ್ಕೇ ಚೌಕಾಸಿ ಗೊತ್ತಿತ್ತು.

ಸಾಹುಕಾರರಿಗೆ ನಾನು, "ಮೈಕಿನಾಗ ಮಿಲ್ಲಿನ ಸುದ್ದಿ ಒಂದಕ್ಷರ ಬರಂಗಿಲ್ಲ," ಎಂದು ಮಾತು ಕೊಟ್ಟೆ. ಅಕ್ಷರಶಃ ನಿಜ. ಅವರು ನಂಬಿದ್ದು ಅಕ್ಷರವನ್ನಲ್ಲ, ನನ್ನನ್ನು. ಅದು ನನಗೂ ಗೊತ್ತಿತ್ತು. ಈ ಒಂದು ವಿಷಯದಲ್ಲಿ ನಾನು ನ್ಯಾಯವಂತ ಎಂದು ಯಾರಾದರೂ ಹೊಗಳಿದರೆ ಒಪ್ಪಬೇಡಿ.

ಹರಿಹರದಲ್ಲಿ ಹೊಳೆಗೆ ಹತ್ತಿರದ ಒಂದು ಶಾಲೆಯ ಮೈದಾನ. ಬೆಳಿಗ್ಗೆಯೇ ಹೋಗಿ ಕೆಂಪು ಸೋಫಾ ಬೀಳುವ ಜಾಗದಿಂದ ಮೈದಾನದ ಹಿಂಬದಿಯವರೆಗೆ ಹೆಜ್ಜೆ ಹಾಕಿ ನೋಡಿದೆ. ಖಾಲಿ ಇದ್ದಾಗ ಅರ್ಧ ನಿಮಿಷದ ದಾರಿ. ಜನ ನೆಲದ ಮೇಲೆ ಕೂತ ಮೇಲೆ, ಮಕ್ಕಳು, ಚಪ್ಪಲಿ, ಮಂಡಕ್ಕಿ ಪೊಟ್ಟಣ ಎಲ್ಲ ದಾಟಿ ಬರಬೇಕಾದರೆ ಒಂದೂವರೆ ನಿಮಿಷಕ್ಕೆ ಕಡಿಮೆ ಆಗುವುದಿಲ್ಲ. ಮಿಕ್ಸರನ್ನು ಅಲ್ಲಿಟ್ಟೆ. ಇಷ್ಟುದ್ದ ವೈರು ಯಾಕೆ ಎಂದು ಸಾಹುಕಾರರ ಗುಮಾಸ್ತ ಕೇಳಿದ್ದಕ್ಕೆ, "ಮಂದಿಗೆ ಹೆಂಗೆ ಕೇಳತೈತೋ ಹಂಗೆ ನನಗೂ ಕೇಳಬೇಕಲ್ರಿ," ಎಂದೆ. ಅದೂ ನಿಜವೇ. ಈಗ ಎಲ್ಲರೂ ಅಲ್ಲೇ ಇಡುತ್ತಾರೆ.

ಸಂಜೆ ಆರಕ್ಕೆ ಮೈದಾನ ತುಂಬಿತು. ಮುಂದೆ ನಮ್ಮ ತರುಣಿಯ ಗುಂಪು, ಅದೇ ಟೀ ಶರ್ಟು. ನಡುವೆ ಹರಿಹರದ ಕಾಲೇಜು ಮಕ್ಕಳು, ಫ್ಯಾಕ್ಟರಿ ಕೆಲಸ ಮುಗಿಸಿ ಬಂದ ಸಂಸಾರಗಳು. ದಾವಣಗೆರೆಯ ಮಗ್ಗದವರೂ ಬಸ್ಸು ಹತ್ತಿ ಬಂದಿದ್ದರು. ಟಿಕೆಟ್ ತೆಗೆದುಕೊಂಡೇ ಒಳಗೆ ಬಂದು ನನ್ನ ಸುತ್ತ ನಿಂತಿದ್ದರು. ಯಜಮಾನರು, ಅಂದರೆ ಹಾಡುಗಾರನ ಅಪ್ಪ, ನನ್ನ ಪಕ್ಕದಲ್ಲೇ, ಕೈಕಟ್ಟಿಕೊಂಡು, ಈ ಗಲಾಟೆಗೂ ತಮಗೂ ಸಂಬಂಧವಿಲ್ಲ ಎನ್ನುವ ಹಾಗೆ. ಡ್ರಮ್ಮು ಶುರುವಾದಾಗ ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿ, "ಮಗ್ಗದ ಸಪ್ಪಳ ಇದಕ್ಕಿಂತ ಜೋರು," ಎಂದರು.

ಐದನೆಯ ಹಾಡು ಮುಗಿಯಿತು. ಹಾಡುಗಾರ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅದರಿಂದ ಎರಡು ಹೆಜ್ಜೆ ಹಿಂದೆ ಸರಿದ, ಎಲ್ಲರಿಗೂ ಕಾಣಲಿ ಎಂದು. ಗಿಟಾರಿನವರು ತಂತಿಯ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದರು. ಅವನು ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ, ಬೆರಳ ತುದಿಗಳನ್ನು ಜೋಡಿಸಿ, ಬೇರೆ ಮಾಡಿ, ಹಾಗೇ ನಿಂತ. ಮೊಣಕೈ ಮಡಚಲಿಲ್ಲ.

ಮೊದಲು ಕೇಳಿಸಿದ್ದು ಶಾಲೆಯ ಹಿಂದೆ ದುಡಿಯುತ್ತಿದ್ದ ನನ್ನ ಜನರೇಟರು. ಆಮೇಲೆ ಜನ.

"ಕರೆಂಟ್ ಹೋತೇನ್ರಲೇ?"

"ಲೈಟ್ ಐತಲ್ಲೋ ಕುರುಡ!"

"ಮತ್ತ ಶುರುವಾತು ನೋಡ್ರಿ ಇವಂದು," ಇದು ಮುಂದಿನ ಸಾಲಿನಿಂದ. ಒಂದು ಸಿಳ್ಳೆ. ಯಾರೋ ಒಬ್ಬ ಅಣಕಿಸಲು ತಾನೂ ಕೈ ಎತ್ತಿ ಬೆರಳು ಆಡಿಸಿದ. ಪಕ್ಕದವಳು, ಹೆಂಡತಿಯಿರಬೇಕು, ಅವನ ಕೈಯನ್ನು ಹಿಡಿದು ಇಳಿಸಿದಳು. ದೂರದಲ್ಲಿ ಸಾಹುಕಾರರ ತಲೆ ಸೋಫಾದ ಮೇಲಿಂದ ನನ್ನನ್ನು ಹುಡುಕಿತು. ಅವರು ಗುಮಾಸ್ತನ ಬೆನ್ನಿಗೆ ಕೈ ಹಾಕಿ ಎಬ್ಬಿಸಿದ್ದು ಕಂಡಿತು. ಗುಮಾಸ್ತ ಪಂಚೆ ಎತ್ತಿಕೊಂಡು ಜನರ ನಡುವೆ ಕಾಲಿಟ್ಟ.

ನನ್ನ ಪಕ್ಕದಲ್ಲಿ ಏನೋ ಅಲುಗಿತು. ಯಜಮಾನರ ಕಟ್ಟಿದ ಕೈ ಬಿಚ್ಚಿತ್ತು. ಬಲಗೈ ಮೇಲಕ್ಕೆ ಹೋಗಿ, ಹೆಬ್ಬೆರಳು ತೋರುಬೆರಳು ಕೂಡಿ, ದಾರ ಹೊಸೆಯುತ್ತಿದ್ದವು. ಬೇಕೆಂದು ಎತ್ತಿದ್ದಲ್ಲ, ಅದನ್ನು ಕಂಡವನು ನಾನು ಹೇಳುತ್ತೇನೆ. ದಾರ ಕಡಿದ ಸನ್ನೆ ಕಂಡರೆ ಉತ್ತರ ಕೊಡದಿರಲು ಆ ಕೈಗೆ ಬರುತ್ತಿರಲಿಲ್ಲ. ಅವರ ಆಚೆ ಒಂದು ಕೈ, ಅದರಾಚೆ ಇನ್ನೊಂದು, ಹಿಂದಿನ ಸಾಲಿಗೆ ಸಾಲೇ ಎದ್ದಿತು. ಆದರೆ ಅದು ಕತ್ತಲಲ್ಲಿ. ವೇದಿಕೆಯ ಮೇಲಿದ್ದವನಿಗೆ ಕಾಣುತ್ತಿರಲಿಲ್ಲ. ಉತ್ತರ ಬರುವ ತನಕ ಇಳಿಸಬೇಡ ಎಂದು ಅಪ್ಪ ಹೇಳಿದ್ದರಲ್ಲ, ಅವನು ಕೈ ಇಳಿಸದೆ ಕಣ್ಣು ಕಿರಿದು ಮಾಡಿ ನಮ್ಮ ಕಡೆಯೇ ನೋಡುತ್ತಿದ್ದ.

ನನ್ನ ಬಳಿ ಜನರ ಕಡೆ ತಿರುಗಿಸಿದ ಒಂದು ಫ್ಲಡ್ ಲೈಟ್ ಇತ್ತು, ಕಾರ್ಯಕ್ರಮ ಮುಗಿದಾಗ ಎದ್ದು ಹೋಗುವವರಿಗೆ ದಾರಿ ಕಾಣಲೆಂದು. ನಾನು ಒಪ್ಪಿದ್ದು ವೇದಿಕೆಯ ದೀಪ ಆರಿಸುವುದಿಲ್ಲ ಎಂದಷ್ಟೇ. ಇದು ಯಾವ ಕರಾರಿನಲ್ಲೂ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಸ್ವಿಚ್ಚು ಒತ್ತಿದೆ.

ಹಿಂಬದಿಯೆಲ್ಲ ಬೆಳ್ಳಗಾಯಿತು. ಮುಂದೆ ಕೂತ ಅಷ್ಟೂ ಜನ ತಿರುಗಿ ನೋಡಿದರು. ಮೂವತ್ತೋ ನಲವತ್ತೋ ಕೈಗಳು, ಒಂದೇ ರೀತಿ, ಸದ್ದಿಲ್ಲದೆ ಕಾಣದ ದಾರಕ್ಕೆ ಗಂಟು ಹಾಕುತ್ತಿದ್ದವು. ಸಿಳ್ಳೆ ನಿಂತಿತು. ಜನ ಎರಡೂ ಕಡೆಗೆ ಕತ್ತು ತಿರುಗಿಸಿ ನೋಡಿದರು: ಅಲ್ಲಿ ಎರಡು ಬೆರಳು, ಇಲ್ಲಿ ಇಷ್ಟು ಕೈ. ಯಾರೂ ವಿವರಿಸಿ ಹೇಳಲಿಲ್ಲ. ಹಾಡುಗಾರ ಕೈ ಇಳಿಸಿದ, ಮೈಕಿನ ಹತ್ತಿರ ಬಂದ, ಒಂದಕ್ಷರ ಆಡದೆ ಆರನೆಯ ಹಾಡು ಹಿಡಿದ. ಗುಮಾಸ್ತ ಏದುಸಿರು ಬಿಡುತ್ತ ನನ್ನ ಮುಂದೆ ನಿಂತಾಗ ಡ್ರಮ್ಮು ಶುರುವಾಗಿತ್ತು. "ಲೈಟ್ ತಗಿಬೇಕಂತ್ರಿ," ಎಂದ. "ಈಗ ನಡದಿರೋದು ಹಾಡಲ್ಲೇನ್ರಿ?" ಎಂದೆ.

ಸಾಹುಕಾರರು ಕಾರ್ಯಕ್ರಮ ಪೂರ್ತಿ ಮುಗಿಯುವವರೆಗೆ ಕೂತು, ಆಮೇಲೆ ತಾವೇ ನಡೆದು ಬಂದರು. ದಾರಿಯುದ್ದಕ್ಕೂ ನೆಲ ನೋಡುತ್ತ ಬಂದದ್ದು ಯಾಕೆ ಎಂದು ಬಾಯಿ ಬಿಟ್ಟಾಗ ತಿಳಿಯಿತು.

"ಸೋಫಾದಿಂದ ಇಲ್ಲಿಗೆ ಎಪ್ಪತ್ತು ಹೆಜ್ಜಿ. ನೀನು ಬೆಳಿಗ್ಗೆ ಎಣಿಸೀ, ಹೌದಲ್ಲ?"

"ಹೌದು ಸಾಹುಕಾರ್ರೆ."

"ಮಾತು ಆಡಲಿಲ್ಲ ಅಂತೀ. ನನ್ನ ಕಾಲದಾಗ ಇಷ್ಟು ಮಾತು ಯಾರೂ ಆಡಿಲ್ಲ ತಮ್ಮಾ. ಅವ ಕೈ ಎತ್ತಿದ, ಅದು ಅವನ ಹಣೆಬರಹ. ಆ ಹಿಂದಿನ ಲೈಟ್ ಹಾಕಿದ್ಯಲ್ಲ, ಅದನ್ನ ಅವ ಕೇಳಿದ್ನಾ?"

"ಇಲ್ರಿ. ನಾನೇ ಹಾಕಿದೆ."

"ಮುಂದಿನ ಲಗ್ನಕ್ಕ ಬಾಕ್ಸ್ ಕಳಸಬ್ಯಾಡ," ಎಂದರು. ಕೂಗಲಿಲ್ಲ ಆಗಲೂ. ದೊಡ್ಡ ವ್ಯಾಪಾರಸ್ಥರು. ನನ್ನ ಜಾಗದಲ್ಲಿ ಅವರಿದ್ದು, ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮಿಲ್ಲು ತೆರೆಯಲಿಲ್ಲ. ಎರಡು ಬೆರಳಿಗೆ ಬೀಗ ತೆಗೆಯುವ ಶಕ್ತಿ ಇದೆ ಎಂದು ಆ ಹಾಡುಗಾರನೂ ತಿಳಿದಿರಲಿಲ್ಲ. ಅಭಿಮಾನಿಗಳೂ ಒಂದಾಗಲಿಲ್ಲ. ಕೆಲವರು ಆಮೇಲೆ ಬರುವುದನ್ನೇ ಬಿಟ್ಟರು, ಕೆಲವರು ಮುಂದಿನ ಕಾರ್ಯಕ್ರಮದಲ್ಲಿ ಹಾಡಿನ ನಡುವೆ ಆ ಸನ್ನೆಯನ್ನು ಸುಮ್ಮನೆ ಖುಷಿಗೆ ಮಾಡಿ ಅವನಿಗೆ ಬೇಸರ ತರಿಸಿದರು. ಟೀ ಶರ್ಟಿನ ತರುಣಿ ಹರಿಹರದ ಬಸ್ ಸ್ಟ್ಯಾಂಡಿಗೆ ಹೊರಡುವ ಮುಂಚೆ ನನ್ನ ಹತ್ತಿರ ಬಂದಿದ್ದಳು.

"ನನಗೆ ಈಗಲೂ ಒಪ್ಪಿಗಿ ಇಲ್ಲ ಅಂಕಲ್. ಹಾಡಿನ ಜಾಗದಾಗ ಹಾಡಿರಬೇಕು."

"ಮತ್ತ ದುಡ್ಡು ವಾಪಸ್ ಕೇಳಬ್ಯಾಡ, ಇದು ಪುಕ್ಕಟೆ."

"ಕೇಳಂಗಿಲ್ಲ." ಹಿಂದೆ ಮಗ್ಗದವರು ನಿಂತಿದ್ದ ಜಾಗವನ್ನು ಒಮ್ಮೆ ನೋಡಿದಳು. "ಆ ಬೆರಳು ಹೊಸಿಯೋದು ಹೆಂಗೆ? ಒಂದ್ಸಲ ತೋರಿಸ್ರಿ."

ತೋರಿಸಿದೆ. ತಪ್ಪಾಗಿ ತೋರಿಸಿದೆನಂತೆ, ಯಜಮಾನರು ಟೆಂಪೋದ ಹತ್ತಿರದಿಂದಲೇ ತಿದ್ದಿದರು. ವಾಪಸ್ ಬರುವಾಗ ಅವರು ಬಾಕ್ಸಿನ ಮೇಲೆ ಮಗನ ಪಕ್ಕದಲ್ಲಿ ಕೂತಿದ್ದರು. ಟೆಂಪೋ ಹರಿಹರ ದಾಟಿತು. ಆಮೇಲೆ, "ಈ ಸಲ ಕಾಣ್ತು," ಎಂದರು, ಅಷ್ಟೇ.

ಇನ್ನು ನಿಮಗೊಂದು ಮಾತು. ಊರಲ್ಲಿ ಹಾಡು, ನಾಟಕ, ಸಭೆ ಏನಾದರೂ ಮಾಡಿಸುವವರಾಗಿದ್ದರೆ ವೈರಿನಲ್ಲಿ ಉಳಿತಾಯ ಮಾಡಬೇಡಿ. ಮಿಕ್ಸರನ್ನು ಖರ್ಚು ಕೊಟ್ಟವರ ಕುರ್ಚಿಯಿಂದ ದೂರ, ಜನರ ಹಿಂದೆ ಇಡಿ. ಸದ್ದೂ ಸರಿಯಾಗಿ ಕೇಳುತ್ತದೆ, ಯಾರಾದರೂ ಏನಾದರೂ ಆರಿಸು ಎಂದು ಹೇಳಿ ಕಳಿಸಿದರೆ ಯೋಚಿಸಲು ಸಮಯವೂ ಸಿಗುತ್ತದೆ. ಕಲಾವಿದ ಏನೋ ಹೇಳಬೇಕು ಎಂದರೆ ಬೇಡ ಎನ್ನಬೇಡಿ, ಎಷ್ಟು ಹೊತ್ತು ಎಂದು ಕೇಳಿ, ಚೌಕಾಸಿ ಮಾಡಿ; ಕಡಿಮೆಯಾದಷ್ಟೂ ಅದರ ತೂಕ ಹೆಚ್ಚುತ್ತದೆ ಎಂಬುದನ್ನು ಮಾತ್ರ ಖರ್ಚು ಕೊಟ್ಟವರಿಗೆ ಮೊದಲೇ ತಿಳಿಸಿಬಿಡಿ, ನಾನು ತಿಳಿಸಲಿಲ್ಲ. ಮತ್ತೆ, ಒಂದೇ ಗಿರಾಕಿಯ ಮೇಲೆ ಸಂಸಾರ ನಿಲ್ಲಿಸಿಕೊಳ್ಳಬೇಡಿ. ಎರಡು ಚಿಕ್ಕ ಮಂಟಪ ಹಿಡಿದಿಟ್ಟುಕೊಂಡವನ ಬೆರಳು ಸ್ವಿಚ್ಚಿನ ಮೇಲೆ ನಡುಗುವುದಿಲ್ಲ. ಕೊನೆಗೆ, ದೀಪಗಳ ಪಟ್ಟಿ ಬರೆಯುವಾಗ ಜನರ ಕಡೆ ತಿರುಗಿದ ಒಂದನ್ನು ಸೇರಿಸಿ. ಅದಕ್ಕೆ ಬಾಡಿಗೆ ಹಾಕಬೇಡಿ.